ಮೂಲ ಎಂಜಿನ್ ಪರಿಶೀಲನೆ (ಬಳಸಿದ ವಾಹನಗಳು)

ಮೂಲ ಎಂಜಿನ್ ಪರಿಶೀಲನೆ ಎಂದರೆ ಈಗಾಗಲೇ ಬಳಕೆಯಲ್ಲಿರುವ ವಾಹನವೊಂದರಲ್ಲಿ, ವಿಶೇಷವಾಗಿ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ, ಕಾರ್ಖಾನೆಯಿಂದ ಹೊರಬರುವಾಗ ಜೋಡಿಸಿದ್ದ ಎಂಜಿನ್ನೇ ಇಂದಿಗೂ ಇದೆಯೇ ಎಂಬುದನ್ನು ಸಂಖ್ಯೆ, ದಿನಾಂಕ ಮತ್ತು ದಾಖಲೆಗಳ ಆಧಾರದ ಮೇಲೆ ನಿರ್ಧರಿಸುವ ಕ್ರಮ. ಹಳೆಯ ಸ್ಪೋರ್ಟ್ಸ್ ಕಾರುಗಳ ಬೆಲೆಯ ದೊಡ್ಡ ಪಾಲು ಈ ಒಂದು ಅಂಶವನ್ನು ಅವಲಂಬಿಸಿರುತ್ತದೆ. ಭಾರತದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಇಲ್ಲಿ ಎಂಜಿನ್ ಸಂಖ್ಯೆಯು ನೋಂದಣಿ ಪತ್ರದಲ್ಲಿ (ಆರ್.ಸಿ.) ದಾಖಲಾಗಿರುವುದರಿಂದ, ಸಂಖ್ಯೆ ಹೊಂದದಿದ್ದರೆ ಮಾಲೀಕತ್ವದ ವರ್ಗಾವಣೆ, ವಿಮೆ ಮತ್ತು ಕೆಲವೊಮ್ಮೆ ವಾಹನವೇ ಕೈತಪ್ಪುವ ಸಂಭವವಿರುತ್ತದೆ. ಆದುದರಿಂದ ಕಾರಿನ ಸಂಗ್ರಾಹಕನಿಗೆ ಎಷ್ಟು ಅಗತ್ಯವೋ, ಹಳೆಯ ಮೋಟರ್ ಸೈಕಲ್ ಅಥವಾ ಟ್ರ್ಯಾಕ್ಟರ್ ಕೊಳ್ಳುವ ರೈತನಿಗೂ ಈ ಪರಿಶೀಲನೆ ಅಷ್ಟೇ ಅಗತ್ಯ.

ಎರಡು ಬೇರೆ ಪ್ರಶ್ನೆಗಳು

ಈ ವಿಷಯದಲ್ಲಿ ಆಗುವ ಗೊಂದಲಗಳಿಗೆಲ್ಲ ಮುಖ್ಯ ಕಾರಣ, ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದು ತಿಳಿಯುವುದು. ಮೊದಲನೆಯದು, ಈ ಎಂಜಿನ್ ಕಾನೂನಿನ ದೃಷ್ಟಿಯಲ್ಲಿ ಸರಿಯಾಗಿದೆಯೇ ಎಂಬುದು. ಎರಡನೆಯದು, ಇದು ಕಾರ್ಖಾನೆಯವರೇ ಜೋಡಿಸಿದ ಎಂಜಿನ್ನೇ ಎಂಬುದು. ಎಂಜಿನ್ ಕೆಟ್ಟು, ಅದೇ ಮಾದರಿಯ ಬೇರೆ ಎಂಜಿನ್ ಹಾಕಿಸಿ, ಸಾರಿಗೆ ಕಚೇರಿಯಲ್ಲಿ ಹೊಸ ಸಂಖ್ಯೆಯನ್ನು ನಮೂದಿಸಿದ ಕಾರು ಕಾನೂನಿಗೆ ಸರಿ. ಆದರೆ ಅದರ ಎಂಜಿನ್ ಮೂಲದ್ದಲ್ಲ. ಬೇರೆ ಎಂಜಿನ್ನಿನ ಮೇಲಿನ ಸಂಖ್ಯೆಯನ್ನು ಉಜ್ಜಿ ಅಳಿಸಿ, ಹಳೆಯ ಸಂಖ್ಯೆಯನ್ನೇ ಮತ್ತೆ ಅಚ್ಚು ಹೊಡೆದ ಕಾರು ಮೇಲ್ನೋಟಕ್ಕೆ ಮೂಲದ್ದೆಂದೇ ಕಾಣುತ್ತದೆ, ಆರ್.ಸಿ.ಗೂ ಹೊಂದುತ್ತದೆ, ಆದರೆ ಅದು ಮೂಲದ್ದೂ ಅಲ್ಲ, ಕಾನೂನಿಗೆ ಸರಿಯೂ ಅಲ್ಲ. ಆರ್.ಸಿ.ಯನ್ನು ಎಂಜಿನ್ನಿನ ಪಕ್ಕದಲ್ಲಿ ಹಿಡಿದು ಸಂಖ್ಯೆ ಹೋಲಿಸುವುದು ಪರಿಶೀಲನೆಯ ಆರಂಭ ಮಾತ್ರ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕಾಗದ, ಲೋಹ ಮತ್ತು ತಯಾರಕರ ಕಡತ ಎಂಬ ಮೂರು ಸಾಕ್ಷಿಗಳು ಒಂದೇ ಮಾತು ಹೇಳಿದಾಗ ಮಾತ್ರ ಎಂಜಿನ್ ಮೂಲದ್ದು ಎನ್ನಬಹುದು.

ಮಾರುವವರು ಬಳಸುವ ಪದಗಳಲ್ಲಿಯೂ ಭೇದವಿದೆ. ಸಂಖ್ಯೆಗಳು ಹೊಂದುತ್ತವೆ ಎಂಬ ಮಾತು ಕೆಲವರ ಬಾಯಲ್ಲಿ ಅದೇ ಕಾರಿನೊಡನೆ ಹುಟ್ಟಿದ ಎಂಜಿನ್ ಎಂಬ ಅರ್ಥವನ್ನೂ, ಇನ್ನು ಕೆಲವರ ಬಾಯಲ್ಲಿ ಅದೇ ವರ್ಷದ ಅದೇ ಮಾದರಿಯ ಬೇರೆ ಎಂಜಿನ್ ಎಂಬ ಅರ್ಥವನ್ನೂ ಕೊಡುತ್ತದೆ. ಕೊಳ್ಳುವವರು ಯಾವ ಅರ್ಥವೆಂದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯುವುದು ಒಳಿತು.

ಎಂಜಿನ್ ಇಳಿಸಿ ಬೋರ್ ಮಾಡಿಸುವುದು, ಪಿಸ್ಟನ್, ರಿಂಗು, ಬೇರಿಂಗು ಬದಲಿಸುವುದು ಮೂಲತ್ವವನ್ನು ಕೆಡಿಸುವುದಿಲ್ಲ. ಎಂಜಿನ್ನಿನ ಗುರುತು ಇರುವುದು ಸಿಲಿಂಡರ್ ಬ್ಲಾಕಿನಲ್ಲಿ ಅಥವಾ ಕ್ರ್ಯಾಂಕ್ ಕೇಸಿನಲ್ಲಿ. ಆ ಎರಕದ ತುಂಡು ಉಳಿದಿದ್ದರೆ ಎಂಜಿನ್ ಉಳಿದಂತೆ.

ಸಂಖ್ಯೆಗಳು ಮತ್ತು ಅವುಗಳ ಸ್ಥಳ

ವಾಹನವೊಂದಕ್ಕೆ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಎಂಬ ಎರಡು ಮುಖ್ಯ ಗುರುತುಗಳಿರುತ್ತವೆ. ಈಗಿನ ವಾಹನಗಳ ಚಾಸಿ ಸಂಖ್ಯೆಯು ಅಂತರರಾಷ್ಟ್ರೀಯ ಕ್ರಮದಂತೆ 17 ಅಕ್ಷರ ಮತ್ತು ಅಂಕೆಗಳಿಂದ ಕೂಡಿರುತ್ತದೆ. 1 ಮತ್ತು 0 ಎಂಬ ಅಂಕೆಗಳೊಡನೆ ಗೊಂದಲವಾಗದಿರಲೆಂದು ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಇವುಗಳಲ್ಲಿ ಒಂದು ಅಕ್ಷರ ಕಂಡರೂ ಸಂದೇಹಪಡಬೇಕು. ಮೊದಲ ಮೂರು ಸ್ಥಾನಗಳು ತಯಾರಕರನ್ನು ಸೂಚಿಸುತ್ತವೆ. ಎಂಎ3 ಎಂಬುದು ಮಾರುತಿ ಸುಜುಕಿಯನ್ನು, ಎಂಎಟಿ ಎಂಬುದು ಟಾಟಾ ಮೋಟರ್ಸನ್ನು, ಎಂಬಿಜೆ ಎಂಬುದು ಬಿಡದಿಯಲ್ಲಿ ಕಾರ್ಖಾನೆಯಿರುವ ಟೊಯೋಟ ಕಿರ್ಲೋಸ್ಕರ್ ಸಂಸ್ಥೆಯನ್ನು ಸೂಚಿಸುತ್ತದೆ.

ಎಂಜಿನ್ ಸಂಖ್ಯೆಗೆ ಇಂತಹ ಏಕರೂಪದ ಕ್ರಮವಿಲ್ಲ. ಪ್ರತಿಯೊಬ್ಬ ತಯಾರಕರೂ ತಮ್ಮದೇ ರೀತಿಯಲ್ಲಿ ಮಾದರಿಯ ಸಂಕೇತ ಮತ್ತು ಕ್ರಮಸಂಖ್ಯೆಯನ್ನು ಅಚ್ಚು ಹೊಡೆಯುತ್ತಾರೆ. ಸಾಮಾನ್ಯವಾಗಿ ಬ್ಲಾಕಿನ ಮೇಲೆ ಯಂತ್ರದಿಂದ ಸಮತಟ್ಟು ಮಾಡಿದ ಒಂದು ಚಿಕ್ಕ ಜಾಗದಲ್ಲಿ, ಹಲವು ಕಾರುಗಳಲ್ಲಿ ಎಂಜಿನ್ ಮತ್ತು ಗೇರ್ ಪೆಟ್ಟಿಗೆ ಕೂಡುವ ಅಂಚಿನ ಬಳಿ, ಇದು ಇರುತ್ತದೆ. ವರ್ಷಗಟ್ಟಲೆ ಸೋರಿದ ಎಣ್ಣೆ ಮತ್ತು ಧೂಳು ಸೇರಿ ಅದರ ಮೇಲೆ ಗಟ್ಟಿ ಪದರ ಕಟ್ಟಿರುತ್ತದೆ. ಅದನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಬೇಕೇ ಹೊರತು ತಂತಿಬ್ರಷ್ ಅಥವಾ ಉಜ್ಜುಕಾಗದವನ್ನು ಬಳಸಬಾರದು. ಉಜ್ಜಿದರೆ ಪರೀಕ್ಷಿಸಬೇಕಾದ ಸಾಕ್ಷ್ಯವೇ ನಾಶವಾಗುತ್ತದೆ. ಒರೆಸಿದ ಮೇಲೆ ಸುಣ್ಣದ ಬಳಪವನ್ನು ಹಗುರವಾಗಿ ಸವರಿದರೆ ಅಚ್ಚಿನ ತಗ್ಗುಗಳು ಬಿಳಿಯಾಗಿ ಎದ್ದು ಕಾಣುತ್ತವೆ. ಕಣ್ಣಿಗೆ ಎಟುಕದ ಮೂಲೆಯಲ್ಲಿದ್ದರೆ ಚಿಕ್ಕ ಕನ್ನಡಿ ಮತ್ತು ಬ್ಯಾಟರಿ, ಇಲ್ಲವೇ ಮೊಬೈಲಿನ ಕ್ಯಾಮೆರಾ ಸಾಕಾಗುತ್ತದೆ. ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಬೇಕು.

ಎಂಜಿನ್ ಕೋಣೆಯಲ್ಲಿರುವ ತಗಡಿನ ಪಟ್ಟಿಯನ್ನು ಮಾತ್ರ ನಂಬುವುದು ತಪ್ಪು. ರಿವೆಟ್ಟಿನಿಂದ ಕೂರಿಸಿದ ಪಟ್ಟಿಯನ್ನು ತೆಗೆದು ಬೇರೆ ಕಾರಿಗೆ ಕೂರಿಸಬಹುದು. ರಿವೆಟ್ಟಿನ ತಲೆ ಹೊಸದಾಗಿ ಕಂಡರೆ ಕಾರಣ ಕೇಳಬೇಕು.

ದಾಖಲೆಗಳ ಪರಿಶೀಲನೆ

ಕಾಗದದ ಸಾಕ್ಷ್ಯದಲ್ಲಿ ಆರ್.ಸಿ. ಮೊದಲನೆಯದು. ಆದರೆ ಆರ್.ಸಿ. ಈಗಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಕರ್ನಾಟಕದಲ್ಲಿ ವಾಹನದ ಪೂರ್ವ ಇತಿಹಾಸ ತಿಳಿಯಲು ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಬಿ ಎಕ್ಸ್‌ಟ್ರ್ಯಾಕ್ಟ್ ಎಂದು ಜನ ಕರೆಯುವ ನೋಂದಣಿ ವಹಿಯ ಪ್ರತಿಯನ್ನು ಪಡೆಯುವುದು ರೂಢಿ. ಕೈಗೆ ಬಂದ ಆರ್.ಸಿ. ಎಷ್ಟು ಅಂದವಾಗಿದ್ದರೂ ಈ ಪ್ರತಿಯನ್ನು ಬೇರೆಯಾಗಿಯೇ ತೆಗೆಸಬೇಕು. ಕೇಂದ್ರ ಸರ್ಕಾರದ ವಾಹನ್ ದತ್ತಾಂಶದಲ್ಲಿ ವಾಹನದ ಸಂಖ್ಯೆ ಕೊಟ್ಟು ವಿವರ ನೋಡಬಹುದಾದರೂ ಅಲ್ಲಿ ಚಾಸಿ ಮತ್ತು ಎಂಜಿನ್ ಸಂಖ್ಯೆಗಳ ಕೆಲವು ಅಂಕೆಗಳನ್ನು ಮರೆಮಾಡಲಾಗಿರುತ್ತದೆ. ಕಳವಾದ ವಾಹನವೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ ಸಮನ್ವಯ ವ್ಯವಸ್ಥೆ ಇದೆ.

ಆರ್.ಸಿ.ಯಲ್ಲಿರುವ ಸಂಖ್ಯೆಯಲ್ಲಿ ಒಂದೆರಡು ಅಂಕೆ ವ್ಯತ್ಯಾಸವಾಗಿದ್ದರೆ ಅದು ಮೋಸವೇ ಆಗಿರಬೇಕೆಂದಿಲ್ಲ. ಕೈಬರಹದ ಹಳೆಯ ವಹಿಗಳಿಂದ ಗಣಕಕ್ಕೆ ಏರಿಸುವಾಗ 8 ಎಂಬುದು 3 ಆಗಿ, 1 ಎಂಬುದು 7 ಆಗಿ ಹೋಗುವುದುಂಟು. ಇಂತಹ ತಪ್ಪನ್ನು ಮಾರುವವರು ತಮ್ಮ ಹೆಸರಿನಲ್ಲಿರುವಾಗಲೇ ತಿದ್ದಿಸಿಕೊಡಬೇಕು. ಹಣ ಕೈಬದಲಾದ ಮೇಲೆ ತಿದ್ದಿಸುವ ಓಡಾಟವೆಲ್ಲ ಕೊಂಡವನ ಪಾಲಿಗೆ ಬರುತ್ತದೆ.

ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳನ್ನು ಸಲ್ಲಿಸುವಾಗ ಚಾಸಿ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ ಅಂಟಿಸುವ ಪದ್ಧತಿ ಇದೆ. ಅಚ್ಚಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಈ ಪ್ರತಿ ಬಹಳ ಸರಳವಾದರೂ ಉಪಯುಕ್ತ ಸಾಧನ. ಕೊಳ್ಳುವವರು ಚಾಸಿಯದ್ದರ ಜೊತೆಗೆ ಎಂಜಿನ್ ಸಂಖ್ಯೆಯದನ್ನೂ ಹೀಗೆ ತೆಗೆದಿಟ್ಟುಕೊಂಡರೆ ಅಕ್ಷರಗಳ ಅಂತರ, ಓರೆ, ಗಾತ್ರಗಳನ್ನು ಮನೆಯಲ್ಲಿ ಕುಳಿತು ಹೋಲಿಸಬಹುದು.

ಲೋಹದ ಸಾಕ್ಷ್ಯ: ಎರಕದ ದಿನಾಂಕಗಳು

ಅಚ್ಚು ಹೊಡೆದ ಸಂಖ್ಯೆಯನ್ನು ಅಳಿಸಬಹುದು. ಎರಕದಲ್ಲಿಯೇ ಉಬ್ಬಿ ಮೂಡಿರುವ ಅಕ್ಷರಗಳನ್ನು ಬದಲಿಸುವುದು ಅದಕ್ಕಿಂತ ಬಹಳ ಕಷ್ಟ. ಆದಕಾರಣ ಅನುಭವಿಗಳು ಎಂಜಿನ್ ಸಂಖ್ಯೆಗಿಂತ ಮೊದಲು ಎರಕದ ಗುರುತುಗಳನ್ನು ನೋಡುತ್ತಾರೆ. ಇದರ ತರ್ಕ ಸರಳ: ಬ್ಲಾಕನ್ನು ಮೊದಲು ಎರಕ ಹೊಯ್ಯಬೇಕು, ಅನಂತರ ಎಂಜಿನ್ ಜೋಡಿಸಬೇಕು, ಕೊನೆಗೆ ಅದನ್ನು ಕಾರಿಗೆ ಕೂರಿಸಬೇಕು. ಈ ಮೂರು ದಿನಾಂಕಗಳು ಇದೇ ಕ್ರಮದಲ್ಲಿ, ಪರಸ್ಪರ ಹತ್ತಿರದಲ್ಲಿ ಇರಬೇಕು.

ಅಮೆರಿಕದ ಷೆವ್ರೊಲೆ ಕಾರ್ವೆಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. 1967ರ ಕಾರ್ವೆಟ್‌ನ ಚಿಕ್ಕ ವಿ-8 ಎಂಜಿನ್ನಿನಲ್ಲಿ ಬ್ಲಾಕಿನ ಹಿಂಬದಿಯ ಅಂಚಿನ ಬಳಿ ಎರಕದ ದಿನಾಂಕ ಉಬ್ಬಕ್ಷರದಲ್ಲಿರುತ್ತದೆ. ತಿಂಗಳಿಗೆ ಎ ಯಿಂದ ಎಲ್ ವರೆಗಿನ ಅಕ್ಷರ, ಬಳಿಕ ದಿನ, ಬಳಿಕ ವರ್ಷದ ಕೊನೆಯ ಅಂಕೆ. ಊಹೆಗಾಗಿ, ಸಿ 14 7 ಎಂದಿದ್ದರೆ 1967ರ ಮಾರ್ಚ್ 14 ಎಂದರ್ಥ. ಬ್ಲಾಕಿನ ಮುಂಭಾಗದಲ್ಲಿ, ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದೆ ಇರುವ ಸಮತಟ್ಟಾದ ಜಾಗದಲ್ಲಿ ಎರಡು ಅಚ್ಚುಗಳಿರುತ್ತವೆ. ಒಂದು, ಎಂಜಿನ್ ಜೋಡಿಸಿದ ಕಾರ್ಖಾನೆ, ತಿಂಗಳು, ದಿನ ಮತ್ತು ಎಂಜಿನ್ನಿನ ಬಗೆ. ವಿ0320 ಎಂದು ಆರಂಭವಾದರೆ ಫ್ಲಿಂಟ್ ಕಾರ್ಖಾನೆಯಲ್ಲಿ ಮಾರ್ಚ್ 20ರಂದು ಜೋಡಿಸಿದ್ದು. ಇನ್ನೊಂದು, ವರ್ಷದ ಅಂಕೆಯೊಡನೆ ಕಾರಿನ ಚಾಸಿ ಸಂಖ್ಯೆಯ ಕೊನೆಯ ಆರು ಅಂಕೆಗಳು. ಈ ಕಾರು ಏಪ್ರಿಲ್ ಹೊತ್ತಿಗೆ ತಯಾರಾಗಿದ್ದರೆ ಎಲ್ಲವೂ ಸಮಂಜಸ. ಎರಕದ ದಿನಾಂಕ ಜೂನ್ ಎಂದಿದ್ದು ಕಾರು ಏಪ್ರಿಲ್‌ನದಾಗಿದ್ದರೆ ಮುಂಭಾಗದ ಅಚ್ಚು ಎಷ್ಟು ಚೆನ್ನಾಗಿದ್ದರೂ ಆ ಎಂಜಿನ್ ಆ ಕಾರಿನದಲ್ಲ. ಮಗು ಹುಟ್ಟುವ ಮೊದಲು ನಾಮಕರಣ ನಡೆಯಲಾರದು.

ಈ ಕಾರಿನಲ್ಲಿ ಇನ್ನೊಂದು ತೊಡಕುಂಟು. ಅಚ್ಚಿನ ಜಾಗವೂ ಹೆಡ್ ಕೂರುವ ಮೇಲ್ಮೈಯೂ ಒಂದೇ ಸಮತಲದಲ್ಲಿವೆ. ಎಂಜಿನ್ ಇಳಿಸಿ ಬ್ಲಾಕಿನ ಮೇಲ್ಮೈಯನ್ನು ಫೇಸಿಂಗ್ ಮಾಡಿಸಿದರೆ ಸಂಖ್ಯೆಯೂ ಸವೆದು ಹೋಗುತ್ತದೆ. ಹೀಗೆ ಪ್ರಾಮಾಣಿಕ ದುರಸ್ತಿಯಿಂದಲೇ ಗುರುತು ಕಳೆದುಕೊಂಡ ಮೂಲ ಎಂಜಿನ್ನುಗಳೂ ಇವೆ. ಅವುಗಳಿಗೆ ಮತ್ತೆ ಸಂಖ್ಯೆ ಹೊಡೆದವರಲ್ಲಿ ಎಲ್ಲರೂ ಮೋಸಗಾರರಲ್ಲ; ಆದರೆ ಕೊಳ್ಳುವವನಿಗೆ ಪ್ರಾಮಾಣಿಕನನ್ನೂ ಮೋಸಗಾರನನ್ನೂ ಬೇರ್ಪಡಿಸುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ.

ತಯಾರಕರ ಕಡತ

ಎಲ್ಲ ತಯಾರಕರೂ ಕಾರಿನ ಸಂಖ್ಯೆಯನ್ನು ಎಂಜಿನ್ ಮೇಲೆ ಬರೆಯುವುದಿಲ್ಲ. ಪೋರ್ಷೆ ಕಾರುಗಳಲ್ಲಿ ಎಂಜಿನ್ ಸಂಖ್ಯೆ ಸ್ವತಂತ್ರವಾದುದು. ಯಾವ ಚಾಸಿಗೆ ಯಾವ ಎಂಜಿನ್ ಎಂಬುದು ಕಾರ್ಖಾನೆಯ ಕಡತದಲ್ಲಿ ಮಾತ್ರ ತಿಳಿಯುತ್ತದೆ. ಹಳೆಯ ಪೋರ್ಷೆಗಳ ಈ ದಾಖಲೆ ಚೀಟಿಗಳನ್ನು ಕಾರ್ಡೆಕ್ಸ್ ಎನ್ನುತ್ತಾರೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಕಾರಿನಲ್ಲಿ ಎಂಜಿನ್ ಸಂಖ್ಯೆಯು ಬ್ಲಾಕಿನ ಮೇಲೂ ಸಿಲಿಂಡರ್ ಹೆಡ್ಡಿನ ಮೇಲೂ ಇರುತ್ತದೆ, ಕೊನೆಯಲ್ಲಿ ಅಡ್ಡಗೆರೆಯ ಬಳಿಕ ಬರುವ ಅಂಕೆ ಸಂಪೀಡನ ಪ್ರಮಾಣವನ್ನು ಸೂಚಿಸುತ್ತದೆ. ಎರಡೂ ಕಡೆ ಒಂದೇ ಸಂಖ್ಯೆ ಇಲ್ಲದಿದ್ದರೆ ಹೆಡ್ ಅಥವಾ ಬ್ಲಾಕ್ ಬದಲಾಗಿದೆ ಎಂದರ್ಥ. ಬ್ರಿಟನ್ನಿನ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಚಾಸಿ, ಎಂಜಿನ್, ಗೇರ್ ಪೆಟ್ಟಿಗೆಗಳ ಮೂಲ ಸಂಖ್ಯೆ ಹಾಗೂ ಮೂಲ ಬಣ್ಣವನ್ನು ತಿಳಿಸುವ ಪ್ರಮಾಣಪತ್ರ ನೀಡುತ್ತದೆ. ಫೆರಾರಿ ಸಂಸ್ಥೆಯ ಕ್ಲಾಸಿಕೆ ವಿಭಾಗವೂ ಇಂತಹ ಕೆಲಸ ಮಾಡುತ್ತದೆ. ಆದರೆ ಕಡತದ ಆಧಾರದಿಂದ ಕೊಡುವ ಪತ್ರವು ಕಾರು ಹುಟ್ಟಿದಾಗ ಏನಿತ್ತೆಂದು ಹೇಳುತ್ತದೆಯೇ ಹೊರತು ಇಂದು ಬಾನೆಟ್ಟಿನ ಕೆಳಗೆ ಏನಿದೆಯೆಂದು ಹೇಳುವುದಿಲ್ಲ. ಇದನ್ನು ಮರೆತು ಪತ್ರವನ್ನೇ ಪುರಾವೆಯೆಂದು ಮುಂದೊಡ್ಡುವವರಿದ್ದಾರೆ.

ಹೊಸ ಕಾಲದ ಕಾರುಗಳಲ್ಲಿ ಎಂಜಿನ್ ನಿಯಂತ್ರಣ ಗಣಕದಲ್ಲಿ ಚಾಸಿ ಸಂಖ್ಯೆ ದಾಖಲಾಗಿರುತ್ತದೆ. ಒಬಿಡಿ ಸ್ಕ್ಯಾನರ್ ಹಚ್ಚಿ ಅದನ್ನು ಓದಬಹುದು. ಗಣಕದ ಪೆಟ್ಟಿಗೆಯನ್ನೇ ಬದಲಿಸಬಹುದಾದ್ದರಿಂದ ಇದು ಪೂರಕ ಸಾಕ್ಷ್ಯ ಮಾತ್ರ.

ಮರು ಅಚ್ಚಿನ ಗುರುತುಗಳು

ಕಾರ್ಖಾನೆಯ ಅಚ್ಚು ಸಾಮಾನ್ಯವಾಗಿ ಒಂದೇ ಹಿಡಿಕೆಯಲ್ಲಿ ಜೋಡಿಸಿದ ಅಕ್ಷರಗಳಿಂದಾಗಲಿ ಯಂತ್ರದಿಂದಾಗಲಿ ಹೊಡೆದದ್ದು. ಸುತ್ತಿಗೆ ಮತ್ತು ಬಿಡಿ ಪಂಚ್‌ಗಳಿಂದ ಒಂದೊಂದಾಗಿ ಹೊಡೆದರೆ ಅಕ್ಷರಗಳ ಸಾಲು ಏರಿಳಿಯುತ್ತದೆ, ಆಳ ಒಂದೇ ಸಮನಾಗಿರುವುದಿಲ್ಲ. ಹಳೆಯ ಕಾಲದ ಕಾರ್ಖಾನೆಗಳಲ್ಲಿಯೂ ಕೈಯಿಂದ ಹೊಡೆಯುತ್ತಿದ್ದುದುಂಟು. ಆದುದರಿಂದ ಓರೆಯಾದ ಅಚ್ಚೆಲ್ಲ ನಕಲಿಯೂ ಅಲ್ಲ, ನೇರವಾದದ್ದೆಲ್ಲ ಅಸಲಿಯೂ ಅಲ್ಲ. ಅದೇ ವರ್ಷದ ಸಂದೇಹಾತೀತ ಕಾರೊಂದರ ಚಿತ್ರದೊಡನೆ ಹೋಲಿಸುವುದೇ ಸರಿಯಾದ ಕ್ರಮ. 4, 6, 9 ಅಂಕೆಗಳ ಆಕಾರ ಮೊದಲು ಗುಟ್ಟು ಬಿಟ್ಟುಕೊಡುತ್ತದೆ.

ಅಕ್ಷರಗಳಿಗಿಂತ ಅವುಗಳ ಹಿನ್ನೆಲೆ ಮುಖ್ಯ. ಷೆವ್ರೊಲೆಯ ಬ್ಲಾಕುಗಳ ಮೇಲ್ಮೈಯಲ್ಲಿ ಕಾರ್ಖಾನೆಯ ಬ್ರೋಚಿಂಗ್ ಯಂತ್ರ ಬಿಟ್ಟ ಸಣ್ಣ ಸಮಾನಾಂತರ ಗೆರೆಗಳಿರುತ್ತವೆ. ಅವು ಮಾಯವಾಗಿ ಗ್ರೈಂಡರ್‌ನ ಸುತ್ತುಗೆರೆಗಳು ಕಂಡರೆ, ಇಲ್ಲವೇ ಸುತ್ತಲಿನ ಲೋಹಕ್ಕಿಂತ ಆ ಜಾಗ ತಗ್ಗಾಗಿದ್ದರೆ, ಹಳೆಯ ಸಂಖ್ಯೆಯನ್ನು ಕೆರೆದು ತೆಗೆದಿರುವ ಸಾಧ್ಯತೆ ಹೆಚ್ಚು. ಎಂಜಿನ್ ತುಂಬ ಹಳೆಯ ಕೊಳೆಯಿದ್ದು ಸಂಖ್ಯೆಯ ಜಾಗದಲ್ಲಿ ಮಾತ್ರ ಹೊಸ ಬಣ್ಣವಿರುವುದೂ ಗಮನಿಸಬೇಕಾದ ಸಂಗತಿ.

ಕೆರೆದು ತೆಗೆದ ಸಂಖ್ಯೆಯನ್ನು ಓದಲು ಸಾಧ್ಯವಿದೆ. ಅಚ್ಚು ಹೊಡೆದಾಗ ಕಣ್ಣಿಗೆ ಕಾಣುವ ತಗ್ಗಿನ ಕೆಳಗಿನ ಲೋಹವೂ ಅದುಮಿ ಅದರ ಕಣಗಳ ರಚನೆ ಬದಲಾಗಿರುತ್ತದೆ. ಮೇಲ್ಮೈಯನ್ನು ನುಣುಪುಗೊಳಿಸಿ ತಕ್ಕ ರಾಸಾಯನಿಕ ಹಚ್ಚಿದರೆ ಆ ಭಾಗ ಬೇರೆ ವೇಗದಲ್ಲಿ ಕರಗಿ ಹಳೆಯ ಅಂಕೆಗಳು ಮಸುಕಾಗಿ ಮೂಡುತ್ತವೆ. ಉಕ್ಕಿಗೆ ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿದ ಫ್ರೈ ದ್ರಾವಣವನ್ನು ಬಳಸುತ್ತಾರೆ. ಅಲ್ಯೂಮಿನಿಯಂ ಬ್ಲಾಕಿಗೆ ಬೇರೆ ದ್ರಾವಣ ಬೇಕು. ಇದು ವಿಧಿವಿಜ್ಞಾನ ಪ್ರಯೋಗಾಲಯದ ಕೆಲಸ, ಗ್ಯಾರೇಜಿನದಲ್ಲ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಪ್ರಾಂಗಣಕ್ಕೆ 2023ರ ಜನವರಿ 28ರಂದು ಶಂಕುಸ್ಥಾಪನೆಯಾಗಿದ್ದು, ಈ ಶಾಸ್ತ್ರದಲ್ಲಿ ಆಸಕ್ತಿಯುಳ್ಳ ಜಿಲ್ಲೆಯ ವಿದ್ಯಾರ್ಥಿಗಳಿಗೆ ಅದು ಹತ್ತಿರದ ಅವಕಾಶ.

ಕಾನೂನು

ಕೇಂದ್ರ ಮೋಟರು ವಾಹನ ನಿಯಮಗಳು, 1989ರ 122ನೇ ನಿಯಮದಂತೆ ತಯಾರಕರು ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ತಯಾರಿಕೆಯ ತಿಂಗಳನ್ನು ವಾಹನದ ಮೇಲೆ ಮೂಡಿಸಬೇಕು. ಮೋಟರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣವು ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ. ಎಂಜಿನ್ ಬದಲಾದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್.ಸಿ.ಯಲ್ಲಿ ನಮೂದು ಮಾಡಿಸಬೇಕು. 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಹೇಳಿತು. ಅದೇ ವರ್ಷ ಸೇರಿಸಲಾದ 182ಎ ಪ್ರಕರಣದ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 6 ತಿಂಗಳವರೆಗೆ ಕಾರಾಗೃಹ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಎಂಜಿನ್ ಬದಲಾದ ವಾಹನವನ್ನು ಕೊಳ್ಳಲೇಬಾರದೆಂದಿಲ್ಲ. ಬದಲಿ ಎಂಜಿನ್ನಿನ ಖರೀದಿ ರಸೀದಿ, ಗುಜರಿಯಿಂದ ತಂದದ್ದಾದರೆ ಅದು ಯಾವ ವಾಹನದ್ದೆಂಬ ದಾಖಲೆ, ಆರ್.ಸಿ.ಯಲ್ಲಿ ನಮೂದು, ಇವು ಮೂರೂ ಇದ್ದರೆ ಅದು ನಿರಾತಂಕ. ತುಕ್ಕಿನಿಂದ ಅಳಿದ ಚಾಸಿ ಸಂಖ್ಯೆಯನ್ನು ಕಚೇರಿಯ ಅನುಮತಿ ಪಡೆದು ಮತ್ತೆ ಹೊಡೆಸಿದ್ದರೆ ಆ ಅನುಮತಿಯ ಪತ್ರವನ್ನು ಕೇಳಿ ಪಡೆಯಬೇಕು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ವಿಂಟೇಜ್ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಸೇರಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಚಾಸಿ, ಹೊರಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ಬಳಿಕ ವಿಎ ಎಂಬ ಅಕ್ಷರಗಳು ಬರುತ್ತವೆ. ಹೀಗೆ ಮೂಲ ಎಂಜಿನ್ ಎಂಬುದು ಸಂಗ್ರಾಹಕರ ಹವ್ಯಾಸದ ಮಾತಾಗಿ ಮಾತ್ರ ಉಳಿಯದೆ ಕಾನೂನಿನ ಪದವಾಯಿತು.

ಕರ್ನಾಟಕದಲ್ಲಿ

ಭಾರತದಲ್ಲಿ ಬಹುಕಾಲ ವಿದೇಶಿ ಕಾರು ಮತ್ತು ಬಿಡಿಭಾಗಗಳ ಆಮದಿಗೆ ಬಿಗಿ ನಿರ್ಬಂಧವಿದ್ದುದರಿಂದ, ಕೆಟ್ಟ ವಿದೇಶಿ ಎಂಜಿನ್ನಿಗೆ ಬದಲಾಗಿ ಇಲ್ಲಿ ಸಿಗುತ್ತಿದ್ದ ಅಂಬಾಸಿಡರ್, ಫಿಯೆಟ್ ಅಥವಾ ಡೀಸೆಲ್ ಎಂಜಿನ್ನುಗಳನ್ನು ಕೂರಿಸುವುದು ಸಾಮಾನ್ಯವಾಗಿತ್ತು. ಅದನ್ನು ಅಂದಿನವರ ತಪ್ಪೆನ್ನಲಾಗದು, ಕಾರು ಓಡಬೇಕಿತ್ತು. ಇದರಿಂದಾಗಿ ಮೂಲ ಎಂಜಿನ್ ಇರುವ ಹಳೆಯ ಕಾರುಗಳು ವಿರಳವಾದವು. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬಹುದು. ಬೆಂಗಳೂರಿನ ಸ್ಯಾನ್ ಸಮೂಹವು ಹೊರತಂದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಆಸನದ ಸ್ಪೋರ್ಟ್ಸ್ ಕಾರಿನಲ್ಲಿ ಫ್ರಾನ್ಸಿನ ರೆನೋ ಸಂಸ್ಥೆಯ 1149 ಸಿಸಿ ಎಂಜಿನ್ ಇತ್ತು. ಅಂತಹ ಕಾರು ಮಾರಾಟಕ್ಕೆ ಬಂದರೆ ಮೊದಲು ನೋಡಬೇಕಾದದ್ದು ಅದೇ ಎಂಜಿನ್ ಇದೆಯೇ ಎಂಬುದನ್ನು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ದಿ ಮೋಟರ್ ಸೈಕಲ್‌ಗಳು ಈ ಪರಿಶೀಲನೆಯ ನಾಡಿನ ಮುಖ್ಯ ಪ್ರಸಂಗ. 1960ರ ದಶಕದ ಆರಂಭದಲ್ಲಿ ಶುರುವಾದ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇಂಗ್ಲೆಂಡಿನ ಟ್ರಸ್ಟಿನಂತೆ ಪತ್ರ ಬರೆದು ಪ್ರಮಾಣಪತ್ರ ತರಿಸುವ ದಾರಿ ಇಲ್ಲದ ಕಾರಣ ಆರ್.ಸಿ., ಬಿ ಎಕ್ಸ್‌ಟ್ರ್ಯಾಕ್ಟ್ ಮತ್ತು ಲೋಹ ಇವಷ್ಟೇ ಸಾಕ್ಷಿಗಳು. ಒಂದೇ ಬಗೆಯ ಎಂಜಿನ್ನುಗಳು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಕೂರುವುದರಿಂದ ಎರಡು ಮೂರು ಗಾಡಿಗಳ ಭಾಗ ಸೇರಿಸಿ ಒಂದು ಮಾಡಿದವೂ ಮಾರಾಟಕ್ಕೆ ಬರುತ್ತವೆ.

ಕುಂದಗೋಳ ತಾಲೂಕಿನ ಯರಗುಪ್ಪಿಯಂತಹ ಎರೆಭೂಮಿಯ ಊರುಗಳಲ್ಲಿ ಸ್ಪೋರ್ಟ್ಸ್ ಕಾರು ಅಪರೂಪ. ಅಲ್ಲಿ ಹೆಚ್ಚಾಗಿ ಕೈಬದಲಾಗುವುದು ಹಳೆಯ ಟ್ರ್ಯಾಕ್ಟರು. ಪರಿಶೀಲನೆಯ ತತ್ತ್ವ ಒಂದೇ ಆದರೂ ಟ್ರ್ಯಾಕ್ಟರಿನ ರಚನೆ ಬೇರೆ. ಬಹುತೇಕ ಟ್ರ್ಯಾಕ್ಟರುಗಳಿಗೆ ಕಾರಿನಂತೆ ಪ್ರತ್ಯೇಕ ಚೌಕಟ್ಟು ಇರುವುದಿಲ್ಲ. ಎಂಜಿನ್, ಗೇರ್ ಪೆಟ್ಟಿಗೆ ಮತ್ತು ಹಿಂಬದಿಯ ಆ್ಯಕ್ಸಲ್ ಪೆಟ್ಟಿಗೆಗಳನ್ನು ಒಂದಕ್ಕೊಂದು ಬೋಲ್ಟ್ ಮಾಡಿ ಅದನ್ನೇ ದೇಹವಾಗಿಸಿರುತ್ತಾರೆ. ಆದ್ದರಿಂದ ಎಂಜಿನ್ ಭಾಗವನ್ನು ಕಳಚಿ ಬೇರೆಯದನ್ನು ಕೂಡಿಸುವುದು ಸುಲಭ, ಮತ್ತು ಚಾಸಿ ಸಂಖ್ಯೆಯೂ ಎಂಜಿನ್ ಸಂಖ್ಯೆಯೂ ಎರಡು ಬೇರೆ ತುಂಡುಗಳ ಮೇಲೆ ಇರುತ್ತವೆ. ಮಳೆಗಾಲದ ಎರೆಮಣ್ಣು ಒಣಗಿ ಸಿಮೆಂಟಿನಂತೆ ಕೂತಿರುವುದರಿಂದ ಸಂಖ್ಯೆ ಕಾಣದೆ ಜನ ತಗಡಿನ ಪಟ್ಟಿಯನ್ನೋ ಆರ್.ಸಿ.ಯನ್ನೋ ನೋಡಿ ಸುಮ್ಮನಾಗುತ್ತಾರೆ. ಕೊಳ್ಳುವ ಮುನ್ನ ಗಾಡಿಯನ್ನು ನೀರು ಹೊಡೆದು ತೊಳೆಸಲು ಕೇಳಬೇಕು. ಸಾಲದಲ್ಲಿ ಕೊಂಡ ಟ್ರ್ಯಾಕ್ಟರಾಗಿದ್ದರೆ ಬ್ಯಾಂಕಿನ ಸಾಲ ತೀರಿದ ಬಗ್ಗೆ 35ನೇ ನಮೂನೆಯನ್ನೂ ನೋಡಬೇಕು. ಅಪಘಾತವಾದಾಗ ವಿಮಾ ಸಮೀಕ್ಷಕರು ಮೊದಲು ಹೋಲಿಸುವುದು ಈ ಎರಡು ಸಂಖ್ಯೆಗಳನ್ನೇ. ಅಲ್ಲಿ ವ್ಯತ್ಯಾಸ ಕಂಡರೆ, ಗಾಡಿಯನ್ನು ನಂಬಿಕೆಯಿಂದ ಕೊಂಡೆ ಎಂಬ ಮಾತು ಕೊಂಡವನ ನೆರವಿಗೆ ಬರುವುದು ಕಷ್ಟ.